ಬೆಟ್ಟದ ಐನೋರೂ ನನ್ನ ಕುರಿಗಳೂ

ಸಿಟ್ಟು ಬಂದರೆ ಅವರ ಹಣೆ ಸುಕ್ಕುಗಟ್ಟುತ್ತಿತ್ತು. ಬೆಳಿಗ್ಗೆ ಮೂರು ಬೆರಳಲ್ಲಿ ಬಳಿದ ವಿಭೂತಿ ಆಗ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟು, ಪುಡಿಪುಡಿಯಾಗಿ ಮೂಗಿನ ಮೇಲೆ ಉದುರುತ್ತಿತ್ತು. ಆ ಪುಡಿಯನ್ನು ಅವರು ಕೈಯಿಂದ ಒರೆಸಿಕೊಳ್ಳುತ್ತಿರಲಿಲ್ಲ. ಕೆಳತುಟಿಯನ್ನು ಮುಂದೆ ಚಾಚಿ ‘ಉಫ್’ ಎಂದು ಊದಿಕೊಂಡು ಬೈಗುಳ ಮುಂದುವರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಣೆ ಬರಿದಾಗಿದ್ದರೆ ಬೆಳಿಗ್ಗೆಯಿಂದ ಹಲವರಿಗೆ ಬೈದಿದ್ದಾರೆ ಎಂದೇ ಅರ್ಥ. ಬರಿದಾಗದ ದಿನವನ್ನು ನಾನು ಕಂಡಿಲ್ಲ.

ಅವರು ನಮ್ಮೂರ ಬೆಟ್ಟದ ಐನೋರು. ನಮ್ಮೂರು ಬಡವನಹಳ್ಳಿ ಹೋಬಳಿಗೆ ಸೇರಿದ್ದು. ಊರ ಹಿಂದೆಯೇ ಬೆಟ್ಟ, ಬೆಟ್ಟದ ಅರ್ಧಕ್ಕೆ ಒಂದು ಸಣ್ಣ ಶಿವನ ಗುಡಿ, ಗುಡಿಯ ಪಕ್ಕದ ಬಂಡೆಯಲ್ಲಿ ಮೇಲೊಂದು ಕೆಳಗೊಂದು ನೀರು ನಿಲ್ಲುವ ದೊಣೆ. ಐನೋರ ಮನೆತನದವರು ತಲೆತಲಾಂತರದಿಂದ ಆ ಗುಡಿಯ ಪೂಜೆ ಮಾಡಿಕೊಂಡು ಬಂದವರು. ಮಧುಗಿರಿಯಲ್ಲಿ ಅವರ ತಮ್ಮ ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿ ಇಟ್ಟು ಕಾರು ಕೊಂಡರು. ಇವರು ಬರಿಗಾಲಲ್ಲಿ ಬೆಟ್ಟ ಹತ್ತಿ ಇಳಿದು, ಹಿಮ್ಮಡಿಯನ್ನು ಬಂಡೆಗಿಂತ ಗಟ್ಟಿ ಮಾಡಿಕೊಂಡರು.

ಅವರು ತೀರಿಕೊಂಡ ಮೇಲೆ ಊರ ಬಾಗಿಲಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದರು. ಹಿಂದೆ ಜಲಪಾತ, ಜಿಂಕೆ, ನಮ್ಮ ಬೆಟ್ಟದಲ್ಲಿ ಯಾರೂ ಕಾಣದ ತೆಂಗಿನ ಸಾಲು. ಮುಂದೆ ಕೈಮುಗಿದ ಐನೋರು. ಕೆಳಗೆ ದಪ್ಪಕ್ಷರದಲ್ಲಿ ‘ಪರಿಸರ ಪ್ರೇಮಿ’. ಅವರ ಜೊತೆ ವರ್ಷಗಟ್ಟಲೆ ಮಾತಾಡಿದವನು ನಾನು. ಆ ಪದ ಅವರ ಬಾಯಲ್ಲಿ ಒಂದು ಸಲವೂ ಬಂದಿಲ್ಲ, ನನ್ನ ಬಾಯಲ್ಲೂ ಬಂದಿಲ್ಲ. ಕಂಡಿದ್ದರೆ ಆ ಫ್ಲೆಕ್ಸನ್ನು ಅವರೇ ಕಿತ್ತು, ಮಡಚಿ, ಕಟ್ಟಿದವನ ಕಂಕುಳಿಗೆ ಇಟ್ಟು ಕಳಿಸುತ್ತಿದ್ದರು. ಆ ಕೋಪಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದಕ್ಕೆ ನನಗೆ ಯಾರ ಮೇಲೂ ದೂರಿಲ್ಲ. ಅಪ್ಪನ ಕುರಿ ಹಿಂಡು ಕೈಗೆ ಬಂತು, ಅದನ್ನು ಎರಡು ಪಟ್ಟು ಮಾಡಿದೆ. ಯಾರ ಬಾಗಿಲಲ್ಲೂ ನಿಂತು ಬೇಡಲಿಲ್ಲ. ಅಕ್ಷರ ಮರೆಯಬಾರದೆಂದು ಪೇಪರ್ ಓದುತ್ತಾ ಬಂದೆ. ಕುರಿ ಹಿಂದೆ ನಡೆಯುವವನಿಗೆ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಆಫೀಸಿನಲ್ಲಿ ಕೂತವರಿಗೆ ಅಷ್ಟು ಸಿಗುವುದಿಲ್ಲವೆಂದು ಅವರ ಮಾತು ಕೇಳಿದರೇ ಗೊತ್ತಾಗುತ್ತದೆ.

ಮೊದಲು ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಐನೋರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನನ್ನು ಕಂಡರೆ ಅವರಿಗೂ ಆಗುತ್ತಿರಲಿಲ್ಲ. ಅವರ ಮನೆಯ ಜಗುಲಿಯ ಮೇಲೆ ನನ್ನನ್ನು ಕೂರು ಎನ್ನುತ್ತಿರಲಿಲ್ಲ, ಎಂದರೂ ನಾನು ಕೂರುತ್ತಿರಲಿಲ್ಲ. ಬೆಟ್ಟದ ಬಂಡೆಯ ಮೇಲೆ ಮಾತ್ರ ಇಬ್ಬರೂ ಕೂರುತ್ತಿದ್ದೆವು, ಏಕೆಂದರೆ ಬಂಡೆ ಇಬ್ಬರದ್ದೂ ಅಲ್ಲ.

ಅವರು ಬೆಳಗಿನ ಜಾವ ಬೆಟ್ಟ ಹತ್ತುವುದೇ ಒಂದು ತಮಾಷೆ. ನಮ್ಮ ಬೆಟ್ಟದಲ್ಲಿ ಕರಡಿಗಳಿವೆ. ಬೇರೆಯವರು ಕೋಲು ಬಡಿದುಕೊಂಡೋ ಮೊಬೈಲಿನಲ್ಲಿ ಹಾಡು ಹಾಕಿಕೊಂಡೋ ಹೋಗುತ್ತಾರೆ. ಐನೋರು ಚಪ್ಪಾಳೆ ತಟ್ಟುತ್ತಾ ಕರಡಿಗಳಿಗೆ ಬೈದುಕೊಂಡು ಹೋಗುತ್ತಿದ್ದರು: “ಬತ್ತಾ ಇವ್ನಿ ಕಣ್ರಲಾ, ದಾರಿ ಬುಡಿ! ರಾತ್ರಿ ಎಲ್ಲಾ ತಿಂದಿದ್ದು ಸಾಲ್ದಾ ನಿಮ್ಗೆ? ಹೋಗಿ ಮಲಿಕ್ಕಳಿ!” ಕೆಳಗೆ ಕುರಿ ರೊಪ್ಪದಲ್ಲಿ ಮಲಗಿದ ನನಗೆ ಅದು ಕೇಳಿಸುತ್ತಿತ್ತು. ಕರಡಿಗಳಿಗೆ ಎಷ್ಟು ಬೇಸರವಾಗುತ್ತದೋ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ.

ನಮ್ಮಿಬ್ಬರ ಜಗಳ ಬೆಂಕಿಯದ್ದು. ಸಂಕ್ರಾಂತಿ ಕಳೆದರೆ ಬೆಟ್ಟದ ಹುಲ್ಲು ಒಣಗಿ ಪೊರಕೆಯ ಹಂಚಿಕಡ್ಡಿಯಂತಾಗುತ್ತದೆ, ಕುರಿ ಮೂಸುವುದೂ ಇಲ್ಲ. ಅದನ್ನು ಸುಟ್ಟರೆ ಭರಣಿ ಮಳೆಯ ಹನಿಗೆ ಬೂದಿಯ ಕೆಳಗಿಂದ ಹಸಿರು ಚಿಗುರುತ್ತದೆ. ಬೆಟ್ಟ ಸುಟ್ಟರೆ ಮಳೆ ಬರುತ್ತದೆ ಎನ್ನುವ ನಂಬಿಕೆಯೂ ನಮ್ಮ ಕಡೆ ಉಂಟು. ಹಾಗಾಗಿ ಪ್ರತಿ ಬೇಸಗೆ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಯಾರು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಕೇಳಿದವರು ಐನೋರೊಬ್ಬರೇ.

ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಬೆಟ್ಟ ಹತ್ತಿಕೊಂಡು ಉರಿಯಿತು. ಮಾರನೇ ದಿನ ಅವರು ಮೊಣಕಾಲಿನವರೆಗೆ ಮಸಿ ಮಾಡಿಕೊಂಡು ನೇರ ನನ್ನ ರೊಪ್ಪಕ್ಕೆ ಬಂದರು.

“ಯಾವನ್ಲಾ ಇಕ್ಕಿದ್ದು ಬೆಂಕಿನಾ?”

“ನಂಗೇನ್ ಗೊತ್ತು ಬುದ್ಧಿ. ವರ್ಷಾ ವರ್ಷಾ ಬೀಳ್ತದೆ, ಈ ವರ್ಷಾನೂ ಬಿತ್ತು.”

“ತಾನಾಗೇ ಬೀಳಾಕೆ ಅದೇನ್ ಹಲ್ಲಿ ಏನ್ಲಾ? ಯಾವನೋ ಗೀರಿದ್ರೆ ತಾನೆ ಹತ್ತಾದು?”

“ಗೀರ್ಲಿ ಬುಡಿ. ಹಳೇ ಹುಲ್ಲು ಹೋದ್ರೆ ತಾನೆ ಹೊಸದು ಬರಾದು. ನಮ್ಮಪ್ಪನ ಕಾಲದಿಂದ್ಲೂ ಇಂಗೇ.”

“ನಿಮ್ಮಪ್ಪನ ಕಾಲದಾಗೆ ಗುಡಿ ಹಿಂದೆ ಬಿಲ್ವದ ತೋಪೇ ಇತ್ತು. ಈಗ ಹೋಗಿ ನೋಡು. ಸೋಮವಾರ ಒಂದು ಬುಟ್ಟಿ ಪತ್ರೆ ಆಗಲ್ಲ. ನಾಳಿಕೆ ನಿನ್ ಕುರಿ ಕಿವಿ ಕುಯ್ದು ಏರಿಸ್ಲೇನ್ಲಾ ಶಿವನಿಗೆ?”

“ಮಧುಗಿರೀಲಿ ನಿಮ್ ತಮ್ಮನೋರ ಅಂಗಡೀಲೇ ಮಾರ್ತಾರಲ್ಲ, ತರಿಸ್ಕಳಿ.”

ವಿಭೂತಿ ಉದುರಿತು. ಅವರು ಊದಿಕೊಂಡರು. “ಲೇ, ಅಂಗಡಿ ಪತ್ರೆ ಏರ್ಸಾಕೆ ಬೆಟ್ಟ ಯಾಕ್ಲಾ ಹತ್ಬೇಕು ನಾನು? ಅಂಗಡೀಲೇ ಒಂದು ಲಿಂಗ ಇಕ್ಕಂಡು ಕೂತ್ಕಂತೀನಿ” ಎಂದು ಹೊರಟುಹೋದರು.

ನಾಲ್ಕು ಎಲೆಗಾಗಿ ಇಷ್ಟು ಕೂಗಾಡುವ ಮನುಷ್ಯ ಎಂದು ನನಗೆ ತಾತ್ಸಾರ. ಹಿಡಿ ಹುಲ್ಲಿಗಾಗಿ ಬೆಟ್ಟವನ್ನೇ ಸುಡುವ ಜನ ಎಂದು ಅವರಿಗೆ ತಾತ್ಸಾರ. ಆದರೆ ಅಲ್ಲಿಂದ ಮುಂದೆ ಅವರು ಬೆಟ್ಟ ಇಳಿಯುವಾಗಲೆಲ್ಲ ನನ್ನ ಹಿಂಡಿನ ಹತ್ತಿರ ನಿಂತು ಜಗಳವಾಡದೆ ಮುಂದೆ ಹೋಗುತ್ತಿರಲಿಲ್ಲ. ನಾನೂ ಆ ಹೊತ್ತಿಗೆ ಕುರಿಗಳನ್ನು ಅದೇ ದಾರಿಯ ಬಳಿ ತಿರುಗಿಸುತ್ತಿದ್ದೆ. ಬೇರೆ ಯಾರ ಜೊತೆ ಮಾತಾಡಿದರೂ ಸಪ್ಪೆ ಎನಿಸುತ್ತಿತ್ತು.

ಒಂದು ದಿನ ಬಂದವರೇ, ಮಳೆಗಾಲದಲ್ಲಿ ಹುಟ್ಟಿದ ಬಿಲ್ವದ ಸಸಿಗಳನ್ನು ನನ್ನ ಕುರಿಗಳು ತಿಂದಿವೆ ಎಂದರು. ನನಗೆ ಉರಿದುಹೋಯಿತು.

“ಬುದ್ಧಿ, ಮೇಕೆ ತಿಂತದೆ ಸೊಪ್ಪು. ಕುರಿ ತಿನ್ನಾದು ಹುಲ್ಲು. ಇಷ್ಟು ವರ್ಷ ಬೆಟ್ಟದಾಗಿದ್ದೀರಿ, ಮೇಕೆಗೂ ಕುರಿಗೂ ಯತ್ಯಾಸ ಗೊತ್ತಿಲ್ವಲ್ಲ ನಿಮ್ಗೆ.”

“ಎಲ್ಲಾ ನಾಲ್ಕು ಕಾಲಿಂದೇ ಕಣ್ಲಾ.”

“ನಡೀರಿ ನೋಡಾನ. ನಿಮ್ಮ ಕೈಯಾರೆ ಪತ್ರೆ ಹಿಡೀರಿ. ಒಂದು ಕುರಿ ಬಾಯಿ ಹಾಕಿದ್ರೆ ನಾಳೆಯಿಂದ ಹಿಂಡು ಬೆಟ್ಟ ಹತ್ಸಲ್ಲ.”

ಅವರು ಬುಟ್ಟಿಯಿಂದ ಒಂದು ಕೊಂಬೆ ತೆಗೆದು ಹಿಂಡಿನ ನಡುವೆ ಹೋಗಿ ನಿಂತರು. ಕುರಿಗಳು ಮೂಸಿದವು, ಮುಖ ತಿರುಗಿಸಿದವು. ಒಂದೊಂದು ತಿರುಗಿಸಿದಾಗಲೂ ನಾನು ಅವರ ಮುಖ ನೋಡಿದೆ. ಕೊನೆಗೆ ನನ್ನ ಹಿಂಡಿನ ಒಂದು ಹಿರೀ ಕುರಿ, ನಾನೇ ಕೈಯಾರೆ ಬೆಳೆಸಿದ್ದು, ನಿಧಾನವಾಗಿ ಬಂದು ಕೊಂಬೆಯನ್ನು ಎಳೆದುಕೊಂಡು ಕರಕರ ಎಂದು ಪೂರಾ ತಿಂದುಬಿಟ್ಟಿತು. ಮುಳ್ಳನ್ನೂ ಬಿಡಲಿಲ್ಲ.

ಐನೋರು ನಕ್ಕದ್ದನ್ನು ನಾನು ಅದೇ ಮೊದಲ ಸಲ ಕಂಡದ್ದು. ಬಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಹಣೆಯ ವಿಭೂತಿಯೆಲ್ಲ ಹೋಯಿತು. “ಇದು ಹಿಂದಿನ ಜನ್ಮದಾಗೆ ನಮ್ ಪೈಕೀದೇ ಇರ್ಬೇಕು ಕಣ್ಲಾ” ಎಂದರು. ಆ ಕುರಿಯನ್ನು ನಾನು ಮುಂದಿನ ಸಿರಾ ಸಂತೆಗೇ ಹೊಡೆದು ಮಾರಿದೆ. ನಾಲಗೆ ಚಪಲಕ್ಕೆ ನನ್ನ ಮಾನ ಕಳೆದ ಕುರಿ ನನಗೆ ಬೇಡ. ಆದರೆ ಐನೋರು ಬೆಟ್ಟ ಹತ್ತಬೇಡ ಎಂದು ಹಟ ಹಿಡಿಯಲಿಲ್ಲ. “ಒಂದು ಕುರಿ ತಪ್ಪಿಗೆ ಹಿಂಡಿಗೆ ಯಾಕೆ ಶಿಕ್ಸೆ” ಎಂದು ಬಿಟ್ಟುಬಿಟ್ಟರು. ಅವರಲ್ಲಿ ನ್ಯಾಯ ಎನ್ನುವುದೊಂದು ಇದೆ ಎಂದು ನನಗೆ ಅಲ್ಲಿ ಅನುಮಾನ ಬಂತು.

ಆ ಅನುಮಾನ ಇನ್ನೊಂದು ದಿನ ಗಟ್ಟಿಯಾಯಿತು. ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿದು, ದಾರಿಯಲ್ಲಿ ಸಿಕ್ಕ ಗುಡಿಗಳನ್ನೆಲ್ಲ ನೋಡಿಕೊಂಡು ಹೋಗುವ ಕಾರಿನ ಜನ ನಮ್ಮ ಬೆಟ್ಟಕ್ಕೂ ಬಂದಿದ್ದರು. ಚಿತ್ರಾನ್ನ ತಿಂದು ಪ್ಲಾಸ್ಟಿಕ್ ತಟ್ಟೆಗಳನ್ನು ದೊಣೆಯ ಪಕ್ಕ ಎಸೆದು ಇಳಿದುಹೋದರು. ಐನೋರು ಅವನ್ನೆಲ್ಲ ಆಯ್ದು, ಒಂದರ ಮೇಲೊಂದು ಜೋಡಿಸಿ, ಉಸಿರುಗಟ್ಟಿ ಓಡಿಬಂದು, ಹೊರಡಲಿದ್ದ ಕಾರಿನ ಕಿಟಕಿಯಿಂದ ಒಳಗೆ ಒಬ್ಬ ಹೆಂಗಸಿನ ರೇಷ್ಮೆ ಸೀರೆಯ ಮಡಿಲಿಗೇ ಇಟ್ಟರು.

“ಪ್ರಸಾದ ಮರ್ತಿದ್ರಿ ಕಣಮ್ಮ.”

ಆಕೆ ಕಿರುಚಿದಳು. ಗಂಡ ಇಳಿದು ಬಂದು, “ಏನ್ರೀ ಇದು, ಅರ್ಚಕರಾಗಿ ಹೀಗಾ ಮಾಡೋದು?” ಎಂದ. “ಅರ್ಚಕ ಆಗಿದ್ದಕ್ಕೇ ಮಡ್ಲಿಗೆ ಇಕ್ಕಿದೆ. ಇಲ್ದಿದ್ರೆ ತಲೆ ಮೇಲೆ ಸುರೀತಿದ್ದೆ” ಎಂದರು ಐನೋರು. ಆಚೆ ನಿಂತು ನೋಡುತ್ತಿದ್ದ ನಾನು ಜೋರಾಗಿ ನಕ್ಕುಬಿಟ್ಟೆ. ಬೈಯುವುದರಲ್ಲಿ ಅವರು ದೊಡ್ಡವರು ಚಿಕ್ಕವರು ನೋಡುವುದಿಲ್ಲ, ಎಲ್ಲರಿಗೂ ಒಂದೇ ತಕ್ಕಡಿ. ಅದು ನನಗೆ ಹಿಡಿಸಿತು.

ಇನ್ನು ಬೆಂಕಿಯ ವಿಷಯ. ಅದರ ಮುಂದಿನ ಬೇಸಗೆಯೂ ಬೆಟ್ಟ ಉರಿಯಿತು. ಬೆಂಕಿ ಆರಿದ ಮೇಲೆ ನಾವಿಬ್ಬರೂ ದೊಣೆಯ ಬಂಡೆಯ ಮೇಲಿಂದ ಕೆಳಗೆ ನೋಡುತ್ತಿದ್ದೆವು. ಎಲ್ಲ ಕಡೆ ಕಪ್ಪು. ತಪ್ಪಲಿನಲ್ಲಿ ಮಾತ್ರ ಒಂದು ಮೂಲೆ ಸುಟ್ಟಿರಲಿಲ್ಲ. ಅದು ದೀಪಾವಳಿ ಆಚೀಚೆ ನಾನು ಹಿಂಡು ನಿಲ್ಲಿಸಿಕೊಂಡಿದ್ದ ಜಾಗ. ಹುಲ್ಲು ಇನ್ನೂ ಅರ್ಧ ಹಸಿ ಇರುವಾಗಲೇ ಕುರಿಗಳು ಅದನ್ನು ಬುಡಕ್ಕೆ ಮೇಯ್ದು ನೆಲ ಬೋಳು ಮಾಡಿದ್ದವು. ಬೆಂಕಿ ಅಲ್ಲಿಯವರೆಗೆ ಬಂದು, ತಿನ್ನಲು ಏನೂ ಇಲ್ಲದೆ, ನಿಂತುಹೋಗಿತ್ತು.

ಇದನ್ನು ಮೊದಲು ಕಂಡದ್ದು ನಾನು. ಐನೋರು ತಾವು ಮೊದಲು ಕಂಡೆ ಎನ್ನುತ್ತಿದ್ದರು. ಅದು ಸುಳ್ಳು.

“ಲೇ, ಇಂಗೇ ಬೆಟ್ಟದ ಸುತ್ತಾ ಒಂದು ಪಟ್ಟೆ ಮೇಯಿಸ್ಬುಟ್ರೆ?” ಎಂದರು.

“ಮೇಯಿಸ್ಬೋದು. ಆದ್ರೆ ದೀಪಾವಳಿ ಆದ್ಮೇಲೆ ಕಡ್ಲೆಕಾಯಿ ಕಿತ್ತ ಹೊಲ್ದೋರು ಗೊಬ್ರಕ್ಕೆ ಅಂತ ಹಿಂಡು ನಿಲ್ಸಾಕೆ ಕರೀತಾರೆ, ರಾಗಿ ಕೊಡ್ತಾರೆ. ಅದ್ನ ಬುಟ್ಟು ನಿಮ್ ಬೆಟ್ಟದ ಸುತ್ತ ತಿರುಗ್ಲಾ? ನಂಗೇನ್ ಬತ್ತದೆ?”

“ಏನ್ ಬೇಕ್ಲಾ ನಿಂಗೆ?”

“ನೀರು. ಬೇಸಗೇಲಿ ನನ್ ಕುರಿ ನೀರಿಗೆ ಊರಾಚೆ ಬೋರ್‌ವೆಲ್ ತೊಟ್ಟಿಗೆ ಹೋಗಿ ಬರಾದ್ರಾಗೆ ತಿಂದಿದ್ದೆಲ್ಲ ಕರಗೋಗ್ತದೆ. ದೊಣೆ ನೀರು ಬುಡಿ.”

ಅವರು ಎದ್ದು ಹೋಗಿ ದೊಣೆಯೊಳಗೆ ಬಗ್ಗಿ ನೋಡಿದರು. ದೊಣೆಯ ನೀರು ಶಿವನ ಅಭಿಷೇಕದ ನೀರು. ಅಲ್ಲಿಗೆ ಕುರಿ ಬಾಯಿ ಹಾಕುವುದು ಎಂದರೆ ಊರು ಅವರನ್ನು ಸುಮ್ಮನೆ ಬಿಡುವುದಿಲ್ಲ ಎಂದು ನನಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದೆ. ಆಗುವುದಿಲ್ಲ ಎನ್ನಲಿ, ಅಲ್ಲಿಗೆ ಇವರ ಬೆಟ್ಟದ ಪ್ರೀತಿ ಎಷ್ಟು ಎಂದು ತಿಳಿಯುತ್ತದೆ ಎಂದುಕೊಂಡಿದ್ದೆ.

“ಮೇಲಿನ ದೊಣೆ ಶಿವನಿಗೆ. ಕೆಳಗಿಂದು ನಿನ್ ಕುರಿಗೆ. ಮೇಲಿಂದಕ್ಕೆ ಒಂದು ಕುರಿ ಮೂತಿ ಇಕ್ಕಿದ್ರೂ ನಿನ್ನನ್ನೇ ಅದರಾಗೆ ಅದ್ದುತೀನಿ” ಎಂದರು.

ಹೀಗೆ ಒಪ್ಪಂದವಾಯಿತು. ಇದನ್ನೇ ಈಗ ಪೇಟೆಯವರು ಬೇರೆ ಏನೇನೋ ದೊಡ್ಡ ಹೆಸರಿಟ್ಟು ಕರೆಯುತ್ತಾರೆ. ನಮ್ಮಿಬ್ಬರಲ್ಲಿ ಯಾರೂ ಬೆಟ್ಟವನ್ನು ಉದ್ಧಾರ ಮಾಡಲು ಹೊರಟಿರಲಿಲ್ಲ. ಅವರಿಗೆ ಪತ್ರೆ ಬೇಕಿತ್ತು, ನನಗೆ ನೀರು ಬೇಕಿತ್ತು, ಇಬ್ಬರಿಗೂ ಬೆಂಕಿ ಬೇಡವಾಗಿತ್ತು. ‘ನಿಮಗೆ ಯಾವಾಗ ಬೇಡವಾಯಿತು?’ ಎಂದು ನೀವು ಕೇಳಬಹುದು. ಪಟ್ಟೆಯ ಒಳಗಿನ ಹುಲ್ಲು ಉಳಿದರೆ ಬಡಬಗ್ಗರ ದನಗಳಿಗೆ ಬೇಸಗೆಗೆ ಕೊಯ್ದು ಹಾಕಬಹುದು, ಬೇರು ಸುಡದ ಹುಲ್ಲು ಮಳೆಗೆ ದಟ್ಟವಾಗಿ ಬರುತ್ತದೆ ಎಂದು ಐನೋರು ವಾದ ಮಾಡಿದ್ದರು. ನಾನು ಒಪ್ಪಿರಲಿಲ್ಲ. ಮೊದಲ ಮಳೆಗೆ ಕಣ್ಣಾರೆ ಕಂಡ ಮೇಲೆ ಒಪ್ಪಿದೆ. ಹೇಳಿದ್ದಕ್ಕೆಲ್ಲ ತಲೆ ಆಡಿಸುವವನು ನಾನಲ್ಲ.

ಕೆಲಸ ಸುಲಭವಿರಲಿಲ್ಲ. ಹಿಂಡನ್ನು ಪಟ್ಟೆ ಬಿಟ್ಟು ಆಚೆ ಹೋಗದಂತೆ ಹಿಡಿದು ನಿಲ್ಲಿಸಿ, ನೆಲ ಕಾಣುವವರೆಗೆ ಮೇಯಿಸಬೇಕು. ಐನೋರು ಮೇಲಿಂದ ಇಳಿಯುತ್ತಾ ಕಾಲಲ್ಲಿ ಒದ್ದು ತೋರಿಸುತ್ತಿದ್ದರು. “ಇದೇನ್ಲಾ ಇದು, ಗಡ್ಡ ಬುಟ್ಟಂಗೆ ಬುಟ್ಟಿದ್ದೀಯ? ಇಲ್ಲಿ? ಈ ಬಂಡೆ ಸಂದಿ ಯಾರ್ ಮೇಯಿಸ್ತಾರೆ, ನಾನಾ?” ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ. ಪಾವಗಡದ ಕಡೆಯಿಂದ ಹಿಂಡು ಹೊಡೆದುಕೊಂಡು ಬರುವ ಕುರಿಯವರು ನನ್ನನ್ನು ಕಂಡು, “ಏಮಣ್ಣಾ, ಐನೋರ ಜೀತಕ್ಕೆ ಸೇರ್ಕಂಡ್ಬುಟ್ಯಾ?” ಎಂದು ನಗುತ್ತಿದ್ದರು. ಊರಿನವರು ಐನೋರಿಗೆ, “ಕುರಿ ಎಂಜಲಿನ ಸ್ವಾಮಿ” ಎಂದು ಹಿಂದಿನಿಂದ ಹೆಸರಿಟ್ಟಿದ್ದರು. ಇಬ್ಬರೂ ಕೇಳಿಸಿಕೊಂಡೆವು. ಕೆಲಸವಿಲ್ಲದವರ ಬಾಯಿ ಮುಚ್ಚಿಸಲು ನಮಗೆ ಪುರಸೊತ್ತಿರಲಿಲ್ಲ.

ಎರಡು ಬೇಸಗೆ ಬೆಟ್ಟ ಉರಿಯಲಿಲ್ಲ. ರಸ್ತೆ ಕಡೆಯಿಂದ ಬೆಂಕಿ ಬಂತು, ಪಟ್ಟೆಯ ಹತ್ತಿರ ಬಂದು ಸತ್ತಿತು. ಗುಡಿಯ ಹಿಂದೆ ಬಿಲ್ವದ ಸಸಿಗಳು ಮೊಣಕಾಲೆತ್ತರ ಬಂದವು. ಅವನ್ನು ನೋಡಲು ಐನೋರು ನನ್ನನ್ನು ಕರೆದುಕೊಂಡು ಹೋದರು. ಕುರಿಗಳನ್ನು ದೂರ ನಿಲ್ಲಿಸಿ ಬಾ ಎಂದಿದ್ದರು.

ಆಮೇಲೆ ಬಂದರು ನೋಡಿ, ಪರಿಸರದವರು.

ಪಟ್ಟಣದ ಯಾವುದೋ ಸಂಘ. ನೀರಿನ ಬಾಟಲಿ, ಬಿಳಿ ಟೋಪಿ, ಎರಡು ವ್ಯಾನು. ಬೆಟ್ಟದ ಬುಡದಲ್ಲಿ ಶಾಮಿಯಾನ ಹಾಕಿ ‘ಪರಿಸರ ಮೌಲ್ಯಗಳ ಸಂವಾದ’ ಎಂದು ಬ್ಯಾನರ್ ಕಟ್ಟಿದರು. ಸಂವಾದ ಎಂದರೆ ಇಬ್ಬರು ಮಾತಾಡುವುದು ಎಂದು ನಾನು ತಿಳಿದಿದ್ದೆ. ಅಲ್ಲಿ ಅವರೊಬ್ಬರೇ ಮಾತಾಡಿದರು. ಟೋಪಿ ಹಾಕಿದ ಒಬ್ಬರು ಮೈಕ್ ಹಿಡಿದು, ಮರ ನಮ್ಮ ಉಸಿರು ಎಂದರು, ಬೆಟ್ಟ ನಮ್ಮ ತಾಯಿ ಎಂದರು, ತಾಯಿಯ ಮೈಮೇಲೆ ಬೋಳು ಜಾಗ ಕಂಡರೆ ಕಣ್ಣೀರು ಬರುತ್ತದೆ ಎಂದರು. ಆ ಬೋಳು ಜಾಗ ಯಾವುದು ಗೊತ್ತೇ? ನಮ್ಮ ಪಟ್ಟೆ. ನನ್ನ ಕುರಿಗಳು ಮೇಯ್ದು, ನಾನು ನಿಂತು ಕಾದು, ಬೆಂಕಿ ತಡೆಯಲೆಂದೇ ಬೋಳು ಮಾಡಿದ ಪಟ್ಟೆ.

ಅಲ್ಲೇ ಹೊಂಗೆ, ಬೇವಿನ ಸಸಿ ನೆಡುತ್ತೇವೆ, ಕುರಿ ನುಗ್ಗದಂತೆ ಬೇಲಿ ಹಾಕುತ್ತೇವೆ ಎಂದರು. ದೇವಸ್ಥಾನದ ಕಮಿಟಿ ಅಧ್ಯಕ್ಷ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಆತ ಮಧುಗಿರಿಯಲ್ಲಿ ಸಿಮೆಂಟ್ ಅಂಗಡಿ ಇಟ್ಟವನು, ಫೋಟೋ ತೆಗೆಯುವವರಿದ್ದರೆ ಎಲ್ಲಿಗೂ ಬರುತ್ತಾನೆ.

ಐನೋರು ಎದ್ದು ನಿಂತರು. ಮೈಕ್ ಕೇಳಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ.

“ಸ್ವಾಮಿ, ಅದು ಬೋಳು ಅಲ್ಲ, ನಾವು ಬೋಳಿಸಿರಾದು. ಅಲ್ಲಿ ಕುರಿ ಮೇಯದಿದ್ರೆ ಹುಲ್ಲು ಎದೆಮಟ್ಟ ಬತ್ತದೆ. ಹುಲ್ಲು ಬಂದ್ರೆ ಬೆಂಕಿ ಬತ್ತದೆ. ನಿಮ್ ಗಿಡ ಬೇಕಾರೆ ಗುಡಿ ಅಂಗಳದಾಗೆ ನೆಡಿ, ನಾನೇ ನೀರು ಹೊಯ್ತೀನಿ. ಆ ಪಟ್ಟೆ ಮುಟ್ಬೇಡಿ.”

ಟೋಪಿಯವರು ನಗುತ್ತಾ, “ಹಿರಿಯರ ಭಾವನೆಗಳನ್ನು ನಾವು ಗೌರವಿಸುತ್ತೇವೆ” ಎಂದರು.

“ಬಾವನೆ ಅಲ್ಲ ಕಣಯ್ಯ, ಹುಲ್ಲು! ಹುಲ್ಲು!” ಎಂದು ಐನೋರು ಕೂಗಿದರು. ಜನ ನಕ್ಕರು. ಅಧ್ಯಕ್ಷ ಬಂದು ಅವರ ರಟ್ಟೆ ಹಿಡಿದು ಕೂರಿಸಿದ. ನಾನು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದೆ. ಅಂಥವರ ಮುಂದೆ ಬಾಯಿ ಬಿಡುವುದು ನನ್ನ ಮರ್ಯಾದೆಗೆ ಕಡಿಮೆ ಎಂದು ಸುಮ್ಮನಿದ್ದೆ.

ಸಸಿ ನೆಟ್ಟರು. ಕಪ್ಪು ಪ್ಲಾಸ್ಟಿಕ್ ಚೀಲಗಳನ್ನು ಅಲ್ಲೇ ಎಸೆದರು. ಮುಳ್ಳುತಂತಿ ಎಳೆದರು. ಎಲ್ಲರೂ ಒಂದೇ ಸಸಿಗೆ ಕೈ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಆ ವ್ಯಾನುಗಳನ್ನು ನಾನು ಮತ್ತೆ ನೋಡಲಿಲ್ಲ. ಸಸಿಗಳಿಗೆ ಒಂದು ಕೊಡ ನೀರು ಹಾಕಿದವರಿದ್ದರೆ ಅದು ಐನೋರು. ಬೈದುಕೊಂಡು ಹಾಕುತ್ತಿದ್ದರು: “ನೀವೇನ್ ಮಾಡ್ತೀರಿ ಪಾಪ, ತಂದು ಬುಟ್ಟೋದ್ರು.”

ಬೇಲಿಯೊಳಗೆ ಹುಲ್ಲು ಎದೆಮಟ್ಟ ಬಂತು. ಆ ಬೇಸಗೆ ಒಂದು ನಡು ಮಧ್ಯಾಹ್ನ ರಸ್ತೆ ಕಡೆಯಿಂದ ಬೆಂಕಿ ಬಂತು. ಬೀಡಿಯದ್ದೋ ಮತ್ತೊಂದೋ. ಪಟ್ಟೆಯ ಹತ್ತಿರ ಬಂದದ್ದು ಈ ಸಲ ನಿಲ್ಲಲಿಲ್ಲ, ಎದ್ದು ನಿಂತು ಮೇಲೆ ಓಡಿತು. ನಾನು ಹೊಲದಿಂದ ಹೊಗೆ ಕಂಡು ಓಡಿ ಹತ್ತಿದಾಗ ಐನೋರು ಪಂಚೆ ಎತ್ತಿ ಕಟ್ಟಿ, ಲಕ್ಕಿ ಸೊಪ್ಪಿನ ಕೊಂಬೆಯಿಂದ ಬೆಂಕಿಗೆ ಬಡಿಯುತ್ತಿದ್ದರು. ಒಬ್ಬರೇ. ಬೆಂಕಿಗೆ ಬೈಯುತ್ತಿದ್ದರು, ಸಂಘಕ್ಕೆ ಬೈಯುತ್ತಿದ್ದರು, ನನ್ನನ್ನು ಕಂಡು, “ಈಗ ಬತ್ತಿದ್ದೀಯೇನ್ಲಾ, ಉಂಡು ಮಲಗಿ ಎದ್ದು?” ಎಂದು ನನಗೂ ಬೈದರು. ನಾನೂ ಒಂದು ಕೊಂಬೆ ಮುರಿದುಕೊಂಡೆ. ಇಬ್ಬರೂ ಸೇರಿ ಕೆಳಗಿನ ದೊಣೆಯ ಪಕ್ಕದ ನಾಲ್ಕಾರು ಬಿಲ್ವದ ಗಿಡ ಉಳಿಸಿದೆವು. ಗುಡಿಯ ಹಿಂದಿನವೆಲ್ಲ ಹೋದವು. ಸಂಘದ ಸಸಿಗಳ ಜಾಗದಲ್ಲಿ ಕರಗಿದ ಪ್ಲಾಸ್ಟಿಕ್ ಮಾತ್ರ ಇತ್ತು.

ಐನೋರ ಅಂಗಾಲು ಬೊಬ್ಬೆ ಎದ್ದಿತ್ತು. ಅಷ್ಟು ಗಟ್ಟಿ ಅಂಗಾಲು. ದೊಣೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತು, “ಎಲ್ಡು ಬೇಸಗೆ ಕುರಿ ಬಾಯಿ ಕಾಪಾಡ್ತು. ಒಂದೇ ದಿನ ಮನುಷ್ಯನ ಬಾಯಿ ಸುಟ್ಟಾಕ್ತು” ಎಂದರು. ಆ ಹೊತ್ತಿನಲ್ಲಿ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ಕಷ್ಟವಾಯಿತು.

ಕಾಲು ವಾಸಿಯಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಆ ಮುಳ್ಳುತಂತಿ ಕಿತ್ತದ್ದು. ದೀಪಾವಳಿ ಕಳೆಯುತ್ತಲೇ ಊರಿನವರೆದುರಿಗೇ ನನಗೆ, “ನುಗ್ಸ್ಲಾ ಹಿಂಡು” ಎಂದರು. ಅಧ್ಯಕ್ಷ ಮಧುಗಿರಿಯಿಂದ ಬೈಕಿನಲ್ಲಿ ಬಂದ. ದೊಣೆಗೆ ಕುರಿ ಬಿಟ್ಟದ್ದು, ಬೇಲಿ ಕಿತ್ತದ್ದು ಎಲ್ಲ ಸೇರಿಸಿ, “ಕುರಿ ಬೇಕಾ ಪೂಜೆ ಬೇಕಾ, ಒಂದು ಹೇಳ್ಬುಡಿ ಐನೋರೇ. ಕಮಿಟಿ ತೀರ್ಮಾನ ಮಾಡೈತೆ” ಎಂದ.

ಐನೋರು ಸೊಂಟದಿಂದ ಗುಡಿಯ ಬೀಗದ ಕೈ ಬಿಚ್ಚಿ ಅವನ ಮುಂದೆ ಹಿಡಿದರು. “ತಗೊಳ್ರಪ್ಪ. ನಾಳೆ ಬೆಳಿಗ್ಗೆ ಕರಡಿ ಎದ್ದಿರ್ತವೆ, ಹುಷಾರಾಗಿ ಹತ್ತಿ. ನಿಮ್ಮ ಕಮಿಟೀಲಿ ಯಾರ ಮಂಡಿ ಗಟ್ಟಿ ಐತೆ, ಮುಂದಕ್ಕೆ ಬನ್ನಿ.”

ಅಧ್ಯಕ್ಷ ಬೆಟ್ಟ ನೋಡಿದ. ಹಿಂದೆ ಬಂದವರು ಅಧ್ಯಕ್ಷನ ಮುಖ ನೋಡಿದರು. ಬೀಗದ ಕೈ ಬಹಳ ಹೊತ್ತು ಗಾಳಿಯಲ್ಲೇ ಇತ್ತು. ಕೊನೆಗೆ ಐನೋರೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟ ಹತ್ತಿದರು. ಮುಂದಿನ ಬೇಸಗೆ ಬೆಟ್ಟಕ್ಕೆ ಬೆಂಕಿ ಬೀಳಲಿಲ್ಲ.

ಆ ಮಳೆಗಾಲದಲ್ಲೇ ಅವರಿಗೆ ಎದೆ ನೋವು ಬಂತು. ತುಮಕೂರಿಗೆ ಕರೆದುಕೊಂಡು ಹೋಗಿ ವಾಪಸ್ಸು ತಂದರು. ನಾನು ನೋಡಲು ಹೋದಾಗ ಎಂದಿನಂತೆ ಅಂಗಳದಲ್ಲೇ ನಿಂತೆ. ಒಳಗಿಂದ ಕೂಗಿದರು: “ಒಳಕ್ಕೆ ಬಾರ್ಲಾ, ಅಲ್ಲಿಂದ ಕೂಗಿ ಮಾತಾಡಾಕೆ ನನ್ನ ಕೈಲಾಗಲ್ಲ.” ಅಮ್ಮನೋರು, ಅಂದರೆ ಅವರ ಹೆಂಡತಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆ ಹೊಸಿಲು ನಾನು ದಾಟಿದ್ದು ಅದೇ ಮೊದಲು. ಚಾಪೆಯ ತುದಿಯಲ್ಲಿ ಕೂತೆ. ಅವರು ಬಹಳ ಇಳಿದುಹೋಗಿದ್ದರು.

“ಲೇ,” ಎಂದರು, “ಅವತ್ತು ಆ ಮೂಲೆ ಸುಡದೆ ಉಳಿದಿದ್ನ ಮೊದ್ಲು ಕಂಡಿದ್ದು ನಾನು ಕಣ್ಲಾ. ಈಗಾರ ಒಪ್ಕೋ.”

“ಇಲ್ಲ ಬುದ್ಧಿ. ನಾನು.”

“ಸಾಯೋನ ಮುಂದೆ ಸುಳ್ಳು ಹೇಳ್ತೀಯಲ್ಲೋ.”

“ಸಾಯೋರು ಸುಳ್ಳು ಹೇಳ್ಬೋದಾ ಬುದ್ಧಿ?”

ಅಮ್ಮನೋರು ಗಾಬರಿಯಾಗಿ ನನ್ನನ್ನು ನೋಡಿದರು. ಐನೋರು ಮಾತ್ರ ಕಣ್ಣು ಮುಚ್ಚಿಕೊಂಡು ಮುಗುಳ್ನಕ್ಕರು. ಅವರ ಮಾತಿಗೆ ಹೂಂ ಎಂದಿದ್ದರೆ, ಇನ್ನು ತಾವು ಉಳಿಯುವುದಿಲ್ಲ ಎಂದು ಅವರಿಗೆ ಖಾತ್ರಿಯಾಗುತ್ತಿತ್ತು. ಅಷ್ಟು ಸಣ್ಣ ಕೆಲಸವನ್ನು ನಾನು ಮಾಡಲಾರೆ. ಎರಡು ದಿನ ಕಳೆದು ಲಿಂಗೈಕ್ಯರಾದರು.

ಶಿವಗಣಾರಾಧನೆಯ ದಿನ ಐನೋರ ಮನೆ ಮುಂದೆ ಮತ್ತೆ ಶಾಮಿಯಾನ, ಮತ್ತೆ ಮೈಕು, ನಾನು ಮೊದಲೇ ಹೇಳಿದ ಫ್ಲೆಕ್ಸು. ಸಂಘದ ಟೋಪಿಯವರೂ ಬಂದಿದ್ದರು. ಅಧ್ಯಕ್ಷ ಎದ್ದು ಐನೋರ ನೆನಪಿಗೆ ಬೆಟ್ಟದ ಬುಡದಲ್ಲಿ ಒಂದು ಸ್ಮೃತಿವನ ಮಾಡುವುದಾಗಿಯೂ, ಈ ಸಲ ಕುರಿ ನುಗ್ಗ­ದಂತೆ ಕಲ್ಲುಕಂಬದ ಬೇಲಿಯನ್ನೇ ಹಾಕುವುದಾಗಿಯೂ ಹೇಳಿದ. ಜಾಗ? ಅದೇ ಪಟ್ಟೆ. ಜನ ಚಪ್ಪಾಳೆ ತಟ್ಟಿದರು.

ನಾನು ಸಭೆಯಲ್ಲಿ ಮಾತಾಡಿದವನಲ್ಲ. ಎದ್ದು ನಿಂತೆ.

“ಆಗಲ್ಲ.”

“ಯಾಕಪ್ಪಾ?” ಎಂದ ಅಧ್ಯಕ್ಷ. “ಐನೋರ ಹೆಸರಿಗೆ ಗಿಡ ನೆಡಾಕೆ ನಿಂದೇನ್ ತಕರಾರು?”

“ಗಿಡ ಗುಡಿ ಅಂಗಳದಾಗೆ ನೆಡಿ. ಪಟ್ಟೆ ಹುಲ್ಲು ಕುರೀದು. ಬೇಲಿ ಹಾಕಿದ್ರೆ ಬೆಟ್ಟ ಸುಡ್ತದೆ, ಸುಟ್ಟಿದ್ದು ನೀವೇ ನೋಡಿದ್ದೀರಿ. ನೀವು ಕಂಬ ನೆಟ್ರೆ ನಾನು ಕೀಳ್ತೀನಿ. ಐನೋರು ಕಿತ್ತಿದ್ರು, ನಾನೂ ಕೀಳ್ತೀನಿ.”

“ನೋಡ್ರಪ್ಪ, ಸತ್ತೋರ ಮನೆ ಮುಂದೆ ಕುರಿ ಮೇವಿನ ಲೆಕ್ಕ!” ಎಂದು ಯಾರೋ ಹಿಂದಿನಿಂದ ಕೂಗಿದರು. ಗದ್ದಲವಾಯಿತು. ಇಬ್ಬರು ನನ್ನ ತೋಳು ಹಿಡಿದರು. ಆಗ ಒಳಗಿನಿಂದ ಅಮ್ಮನೋರು ಬಾಗಿಲಿಗೆ ಬಂದರು. ಅವರು ಗಂಡನಂತಲ್ಲ, ಮೆಲ್ಲಗೆ ಮಾತಾಡುವವರು. ನನ್ನ ತೋಳು ಹಿಡಿದವರೂ ಅತ್ತ ತಿರುಗಿದರು.

“ಅವನನ್ನ ಬುಡ್ರಪ್ಪ. ಇವತ್ತು ಬೆಳಿಗ್ಗೆಯಿಂದ ನಮ್ಮೆಜಮಾನ್ರ ಬಗ್ಗೆ ಎಲ್ಲಾರೂ ಮಾತಾಡಿದ್ರಿ, ಯಾರ ಮಾತಾಗೂ ಅವರು ಕಾಣ್ಲಿಲ್ಲ. ಇವನು ಕೂಗಾಡಿದಾಗ ಕಂಡ್ರು. ಪಟ್ಟೆ ಅಂಗೇ ಇರ್ಲಿ.”

ಅಧ್ಯಕ್ಷ ಕುತ್ತಿಗೆ ತುರಿಸಿಕೊಂಡ. ಟೋಪಿಯವರು ಆ ಮನೆಯ ಅಂಗಳದಲ್ಲೇ ನಾಲ್ಕು ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಊಟಕ್ಕೆ ಹೋದರು.

ಈ ವರ್ಷವೂ ದೀಪಾವಳಿ ಕಳೆದ ಮೇಲೆ ಹಿಂಡನ್ನು ಪಟ್ಟೆಗೆ ಇಳಿಸಿದ್ದೇನೆ. ಗುಡಿಗೆ ಈಗ ಐನೋರ ತಮ್ಮನ ಮಗ ಬರುತ್ತಾನೆ, ವಾರಕ್ಕೊಂದು ಸಲ, ಬೂಟು ಹಾಕಿಕೊಂಡು. ಒಳ್ಳೆಯ ಹುಡುಗ, ಕೆಳಗಿನ ದೊಣೆಯ ತಂಟೆಗೆ ಬಂದಿಲ್ಲ. ಮೊನ್ನೆ ಇಳಿಯುತ್ತಾ ನನ್ನ ಹತ್ತಿರ ನಿಂತು, “ತುಂಬಾ ಒಳ್ಳೆ ಕೆಲಸ ಮಾಡ್ತಿದ್ದೀರಿ ಅಣ್ಣ, ಎಷ್ಟು ಕ್ಲೀನಾಗಿ ಮೇಯ್ಸಿದ್ದೀರಿ” ಎಂದ.

ಥೂ. ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಹೊಗಳಿಕೆ ಕೇಳಿದ್ದು ಅದೇ ಮೊದಲು, ನನಗೆ ಏನೋ ಕಳೆದುಕೊಂಡಂತಾಯಿತು. ಅವನು ಹೋದ ಮೇಲೆ ಎದ್ದು ಪಟ್ಟೆಯ ಉದ್ದಕ್ಕೂ ನಡೆದೆ. ಮೂಡಲ ಕಡೆ ಎರಡು ಬಂಡೆಗಳ ಸಂದಿಯಲ್ಲಿ ಹುಲ್ಲು ಗಡ್ಡದಂತೆ ಉಳಿದುಕೊಂಡಿತ್ತು. ಕಾಲಲ್ಲಿ ಒದ್ದು ನೋಡಿದೆ. ಹಿಂಡನ್ನು ಮತ್ತೆ ಅತ್ತ ತಿರುಗಿಸಿದೆ.